ಕಲ್ಲಿನಲ್ಲೂ ತಾಮ್ರದಲ್ಲೂ

ಚಿನ್ನಮನೂರು

ಪ್ರೀತಿಯ ಮೊಮ್ಮಗಳೇ, ಕಾಲುವೆಗೆ ಪೆರಿಯಾರ್ ನೀರು ಬಂದಿದೆ, ನಾಟಿ ಮುಗಿಯಿತು. ನಿನ್ನಜ್ಜಿಗೆ ಮೊಣಕಾಲು ನೋವೊಂದು ಬಿಟ್ಟರೆ ಬೇರೆ ತೊಂದರೆಯಿಲ್ಲ.

ಮೊನ್ನೆ ಫೋನಿನಲ್ಲಿ ನೀನು, "ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತುಹೋಯ್ತು ತಾತ, ತಿಂಗಳ ಕೊನೇಲಿ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಲಿನಕ್ಸ್ ಹಾಕ್ಕೋತೀನಿ" ಅಂದೆಯಲ್ಲ, ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಹಾಕಿಕೊಳ್ಳಬೇಡ ಅನ್ನುತ್ತಿಲ್ಲ. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಬೆಂಬಲ ಮುಗಿಯಿತೆಂದು ನಾನೂ ಓದಿದ್ದೇನೆ. ಆದರೆ ಆ ಲ್ಯಾಪ್‌ಟಾಪಿನಲ್ಲಿ ನಿನ್ನ ಮುತ್ತಜ್ಜಿ ಇದ್ದಾಳೆ, ಮಗೂ. ನಿನ್ನ ಕಾಲೇಜು ರಜೆಯಲ್ಲಿ ನಾವಿಬ್ಬರೂ ಕೂತು ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಹಾಡುಗಳು ಅಲ್ಲೇ ಇರುವುದು. ಆ ಕ್ಯಾಸೆಟ್ಟುಗಳಿಗೆ ಈಗ ಬೂಷ್ಟು ಹಿಡಿದಿದೆ, ಎರಡರ ಟೇಪು ತುಂಡಾಗಿದೆ. ನಿನ್ನ ಹತ್ತಿರ ಇರುವುದು ನಕಲು ಎಂದುಕೊಂಡಿದ್ದೆವು. ಈಗ ಅದೇ ಮೂಲ.

ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಒಕ್ಕಲಿಗರ ಮನೆಗಳಲ್ಲಿ ಕನ್ನಡ ಬಾಯಲ್ಲಿ ಬದುಕಿದೆ. ಶಾಲೆ, ಲಗ್ನಪತ್ರಿಕೆ, ಲೆಕ್ಕದ ಪುಸ್ತಕ ಎಲ್ಲ ತಮಿಳು. ಬೆಂಗಳೂರಿಗೆ ಹೋಗಿ ಕನ್ನಡ ಅಕ್ಷರ ಕಲಿತವಳು ನಮ್ಮ ಮನೆಯಲ್ಲಿ ನನ್ನ ನಂತರ ನೀನೊಬ್ಬಳೇ. ಮಾಟ್ಟುಪ್ಪೊಂಗಲ್ ದಿನ ಕಂಬಂನ ತಂಬಿರಾನ್ ಮಾಟ್ಟು ತೊಳು ಎಂಬ ದೇವರ ದನಗಳ ಕೊಟ್ಟಿಗೆಗೆ ಹೋಗಿಬಂದ ರಾತ್ರಿ ಮುತ್ತಜ್ಜಿ ಹಾಡಿದ್ದನ್ನು ಯಾರೂ ಬರೆದಿಟ್ಟಿಲ್ಲ. ಅವಳ ದನಿ ಹೋದರೆ ಆ ಮಾತುಗಳೂ ಹೋದವು.

ಹಾಗಾಗಿ ಫಾರ್ಮ್ಯಾಟ್ ಮಾಡುವ ಮೊದಲು ಅದನ್ನು ಉಳಿಸಿಕೊಳ್ಳುವ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ.

ಮೊದಲು ಬೂಟ್ ಆಗುವ ಪೆನ್‌ಡ್ರೈವ್. ಲಿನಕ್ಸಿನ ಐಎಸ್‌ಒ ಫೈಲನ್ನು ಬೇರೆ ಫೈಲಿನಂತೆ ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಅದು ಬೂಟ್ ಆಗುವುದಿಲ್ಲ. ಕಂಪ್ಯೂಟರು ಎದ್ದ ತಕ್ಷಣ ಗೊತ್ತಾದ ಜಾಗದಲ್ಲಿ ಬೂಟ್‌ಲೋಡರ್ ಹುಡುಕುತ್ತದೆ, ಅಲ್ಲಿ ಅದು ಇರಬೇಕು. ಅದನ್ನು ಕೂರಿಸುವುದಕ್ಕೇ ರೂಫಸ್, ಎಚರ್ ಮುಂತಾದ ತಂತ್ರಾಂಶಗಳಿರುವುದು. ವೆಂಟಾಯ್ ನನಗೆ ಹೆಚ್ಚು ಇಷ್ಟ. ಒಂದು ಸಲ ಪೆನ್‌ಡ್ರೈವ್ ಸಿದ್ಧಮಾಡಿಕೊಂಡರೆ ಆಮೇಲೆ ಎಷ್ಟು ಐಎಸ್‌ಒ ಬೇಕಾದರೂ ಸುಮ್ಮನೆ ಕಾಪಿ ಮಾಡಿದರಾಯಿತು, ಬೂಟ್ ಆಗುವಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಡೌನ್‌ಲೋಡ್ ಮಾಡಿದ ಫೈಲಿನ ಶಾ-256 ಮೊತ್ತವನ್ನು ತಯಾರಕರು ಕೊಟ್ಟದ್ದರ ಜತೆ ಹೋಲಿಸಿ ನೋಡು. 64 ಅಕ್ಷರಗಳಲ್ಲಿ ಒಂದು ತಪ್ಪಿದರೂ ಆ ಫೈಲು ಬೇಡ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಸಿದ್ಧಮಾಡುವಾಗ ಅಳಿಸಿಹೋಗುತ್ತದೆ, ಅದಕ್ಕೆ ಖಾಲಿಯದನ್ನೇ ತೆಗೆದುಕೋ.

ಲಿನಕ್ಸಿನ ಡಿಡಿ ಆಜ್ಞೆಯಿಂದಲೂ ಈ ಕೆಲಸ ಆಗುತ್ತದೆ. ಎರಡೇ ಅಕ್ಷರದ ಆ ಆಜ್ಞೆ ಯುನಿಕ್ಸಿನ ಕಾಲದಿಂದ ಬಂದದ್ದು, "ಖಂಡಿತಾನಾ" ಎಂದು ಕೇಳುವ ಅಭ್ಯಾಸ ಅದಕ್ಕಿಲ್ಲ. ಗುರಿಯ ಹೆಸರಿನಲ್ಲಿ ಎಸ್‌ಡಿಬಿ ಅನ್ನುವ ಕಡೆ ಎಸ್‌ಡಿಎ ಎಂದು ಬಿದ್ದರೆ ಪೆನ್‌ಡ್ರೈವ್ ಬದಲು ನಿನ್ನ ಹಾರ್ಡ್‌ಡಿಸ್ಕಿನ ಮೇಲೇ ಬರೆದುಬಿಡಬಹುದು. ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಕೊಟ್ಟು, ಡಿಸ್ಕುಗಳ ಗಾತ್ರ ನೋಡಿ, ಯಾವುದು ಯಾವುದೆಂದು ಖಚಿತ ಮಾಡಿಕೊಂಡೇ ಎಂಟರ್ ಒತ್ತು.

ಇನ್ನು ಡಿಸ್ಕ್ ಇಮೇಜ್. ಫೈಲುಗಳನ್ನು ಕಾಪಿ ಮಾಡುವುದು ಮನೆಯ ಪಾತ್ರೆಪಗಡ ಹೊರಗೆ ತೆಗೆದಿಟ್ಟ ಹಾಗೆ. ಇಮೇಜ್ ಅಂದರೆ ಮನೆಯನ್ನೇ ಗೋಡೆ ಬಾಗಿಲುಗಳ ಸಮೇತ ಅಚ್ಚು ತೆಗೆಯುವುದು. ವ್ಯತ್ಯಾಸ ನನಗೆ ತಿಳಿದದ್ದು ನಿನ್ನ ಅಣ್ಣನ ಹಳೆಯ ಲ್ಯಾಪ್‌ಟಾಪಿನಿಂದ. ತಮಿಳುನಾಡು ಸರ್ಕಾರ 2011ರಲ್ಲಿ ಶುರುಮಾಡಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಬಂದದ್ದು, ವಿಂಡೋಸಿನ ಪಕ್ಕದಲ್ಲಿ ಸಿ-ಡ್ಯಾಕ್‌ನವರ ಬಾಸ್ ಲಿನಕ್ಸೂ ಇತ್ತು. ಆ ಲ್ಯಾಪ್‌ಟಾಪಿನಲ್ಲಿ ನಾನು ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಕಡತಗಳನ್ನು ಬೇರೆ ಕಂಪ್ಯೂಟರಿಗೆ ಹಾಕಿದಾಗ ಕನ್ನಡವೇ ಕಾಣಲಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದವು. ಯುನಿಕೋಡ್‌ಗೆ ಮೊದಲಿನ ಬರವಣಿಗೆಗೆ ಆ ಫಾಂಟ್ ಜತೆಗೇ ಬೇಕು. ಇಮೇಜಿನಲ್ಲಿ ಕಡತ, ಫಾಂಟ್, ತಂತ್ರಾಂಶ ಎಲ್ಲವೂ ಇದ್ದ ಜಾಗದಲ್ಲೇ ಉಳಿಯುತ್ತವೆ.

ಇಮೇಜ್ ತೆಗೆಯಲು ನಾನು ಬಳಸುವುದು ತೈವಾನಿನಲ್ಲಿ ಹುಟ್ಟಿದ ಕ್ಲೋನ್‌ಜಿಲ್ಲಾ. ಪೆನ್‌ಡ್ರೈವಿನಿಂದಲೇ ಬೂಟ್ ಆಗುತ್ತದೆ. ವಿಂಡೋಸ್ ಓಡುತ್ತಿರುವಾಗ ಅದರ ಕಡತಗಳು ಬದಲಾಗುತ್ತಲೇ ಇರುತ್ತವೆ, ಅದು ಪೂರ್ತಿ ನಿಂತಿದ್ದಾಗ ಅಚ್ಚು ಸ್ಪಷ್ಟವಾಗಿ ಬರುತ್ತದೆ. ಕ್ಲೋನ್‌ಜಿಲ್ಲಾ ತುಂಬಿದ ಜಾಗವನ್ನು ಮಾತ್ರ ಓದುವುದರಿಂದ ಇಮೇಜ್ ಡಿಸ್ಕಿನಷ್ಟು ದೊಡ್ಡದಾಗುವುದಿಲ್ಲ. ಆದರೆ ಹಿಂದಕ್ಕೆ ಇಳಿಸುವ ಡಿಸ್ಕು ಮೊದಲಿನಷ್ಟಾದರೂ ದೊಡ್ಡದಿರಬೇಕು, ಚಿಕ್ಕದಾದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆ ಇಮೇಜಿನಿಂದ ಒಂದೇ ಒಂದು ಫೈಲನ್ನು ಹೆಕ್ಕುವುದೂ ಸುಲಭವಲ್ಲ. ಅದಕ್ಕೆ ಮುತ್ತಜ್ಜಿಯ ಹಾಡುಗಳನ್ನು ಬೇರೆಯಾಗಿ, ಮಾಮೂಲಿ ಫೈಲುಗಳಾಗಿಯೂ ಒಂದು ಕಡೆ ಇಡು. ಡಿಸ್ಕು ಬಿಟ್‌ಲಾಕರ್‌ನಲ್ಲಿ ಬೀಗ ಹಾಕಿಕೊಂಡಿದೆಯೇ ನೋಡು. ಹಾಕಿದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೋ. ಕೆಲಸ ಮುಗಿಯುವವರೆಗೆ ಚಾರ್ಜರ್ ತೆಗೆಯಬೇಡ. ಇಲ್ಲಿ ನನ್ನ ಮೊದಲ ಇಮೇಜು ಅರ್ಧಕ್ಕೇ ಕರೆಂಟ್ ಹೋಗಿ ಕೆಟ್ಟಿತು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ, ಹೆಚ್ಚಿನವರು ಬಿಡುವುದೂ ಅದನ್ನೇ. ತೊಂಬತ್ತರ ದಶಕದಲ್ಲಿ ನಾನು ಕರ್ನಾಟಕದಲ್ಲಿ ಬ್ಯಾಂಕ್ ಶಾಖೆಯೊಂದರಲ್ಲಿದ್ದೆ. ಪ್ರತಿ ಸಂಜೆ ಡೇ ಎಂಡ್ ಮುಗಿಸಿ ಟೇಪಿಗೆ ಬ್ಯಾಕಪ್ ತೆಗೆಯುತ್ತಿದ್ದೆವು. ಸೋಮವಾರಕ್ಕೊಂದು ಟೇಪು, ಮಂಗಳವಾರಕ್ಕೊಂದು. ರಿಜಿಸ್ಟರಿನಲ್ಲಿ ಸಹಿಯೂ ತಪ್ಪುತ್ತಿರಲಿಲ್ಲ. ಒಂದು ದಿನ ಸರ್ವರಿನ ಡಿಸ್ಕು ನಿಂತಿತು. ಟೇಪು ಹಾಕಿದರೆ ಏನೂ ಇಲ್ಲ. ಹಿಂದಿನ ದಿನದ್ದೂ ಖಾಲಿ, ಅದರ ಹಿಂದಿನದೂ ಖಾಲಿ. ಡ್ರೈವಿನ ಹೆಡ್ ಯಾವಾಗಲೋ ಕೆಟ್ಟಿತ್ತು, ನಾವು ಖಾಲಿ ಟೇಪಿಗೆ ಸಹಿ ಹಾಕುತ್ತಿದ್ದೆವು. ವೋಚರುಗಳ ಕಟ್ಟು ಬಿಚ್ಚಿ ನಾಲ್ಕು ರಾತ್ರಿ ಕೂತು ಮತ್ತೆ ತುಂಬಿಸಿದೆವು. ಬ್ಯಾಂಕಿನಲ್ಲಿ ವೋಚರಿತ್ತು. ಹಾಡಿಗೆ ವೋಚರಿಲ್ಲ.

ಒಂದೇ ಪ್ರತಿಯನ್ನೂ ನಂಬಬೇಡ. ನಮ್ಮ ಚಿನ್ನಮನೂರಿನ ತಾಮ್ರಪಟಗಳ ಹೆಸರು ಕೇಳಿದ್ದೀಯ. ಹತ್ತನೆಯ ಶತಮಾನದ ಪಾಂಡ್ಯ ಅರಸನ ಕಾಲದವು. ಪಾಂಡ್ಯರು ಮಧುರೆಯಲ್ಲಿ ತಮಿಳು ಸಂಘ ಸ್ಥಾಪಿಸಿದ್ದು, ಮಹಾಭಾರತವನ್ನು ತಮಿಳಿಗೆ ತರಿಸಿದ್ದು ಅವುಗಳಲ್ಲಿದೆ. ಅಷ್ಟು ಹಳೆಯ ಆ ತಮಿಳು ಭಾರತ ಇಂದು ಉಳಿದಿಲ್ಲ, ಅದಿತ್ತೆಂಬ ಸುದ್ದಿ ಮಾತ್ರ ತಾಮ್ರದ ಮೇಲೆ ಉಳಿದಿದೆ. ದಾನವನ್ನು ಕಲ್ಲಿನಲ್ಲೂ ತಾಮ್ರದಲ್ಲೂ ಕೊರೆಯಿಸಬೇಕೆಂಬ ಮಾತು ತಮಿಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದೇ ವಸ್ತುವನ್ನು ನಂಬದೆ ಇದ್ದ ಆ ಜನರ ಬುದ್ಧಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನೀನೂ ಎರಡು ಹಾರ್ಡ್‌ಡಿಸ್ಕ್ ತೆಗೆದುಕೋ, ದುಡ್ಡು ನಾನು ಕಳಿಸುತ್ತೇನೆ. ಹಾಡುಗಳನ್ನೂ ಇಮೇಜನ್ನೂ ಪೆನ್‌ಡ್ರೈವಿನಲ್ಲಿ ವರ್ಷಗಟ್ಟಲೆ ಇಡಬೇಡ, ಅದರ ನೆನಪು ಹಾಗೆ ಉಳಿಯುವಂಥದ್ದಲ್ಲ. ಒಂದು ಡಿಸ್ಕು ಬೆಂಗಳೂರಿನಲ್ಲಿ, ಲ್ಯಾಪ್‌ಟಾಪಿನಿಂದ ಬಿಚ್ಚಿಟ್ಟು. ಇನ್ನೊಂದನ್ನು ಪೊಂಗಲ್‌ಗೆ ಬರುವಾಗ ತಂದುಕೊಡು, ಇಲ್ಲಿ ಬೀರುವಿನಲ್ಲಿ ಮನೆಪತ್ರದ ಜತೆ ಇಡುತ್ತೇನೆ.

ಫಾರ್ಮ್ಯಾಟ್ ಮಾಡುವ ದಿನ ಅವಸರ ಬೇಡ. ತೆಗೆದ ಇಮೇಜನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿ, ನನಗೆ ಫೋನ್ ಮಾಡು. ಮುತ್ತಜ್ಜಿಯ ಒಂದು ಹಾಡನ್ನು ಕೊನೆಯವರೆಗೂ ಕೇಳಿಸು. ಕೇಳಿಸಿದ ಮೇಲೆ ಬಟನ್ ಒತ್ತು.

ಇಂತಿ,
ನಿನ್ನ ತಾತ