ಮನೆಯ ನೀರು ಎಲ್ಲಿಗೆ ಹೋಗುತ್ತದೆ?

ಮಕ್ಕಳೇ, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನಾವು ಎಷ್ಟೋ ಕೊಡ ನೀರು ಬಳಸುತ್ತೇವೆ. ಮುಖ ತೊಳೆಯುತ್ತೇವೆ, ಸ್ನಾನ ಮಾಡುತ್ತೇವೆ. ಪಾತ್ರೆಗೆ, ಬಟ್ಟೆಗೆ, ಶೌಚಾಲಯಕ್ಕೆ ನೀರು ಬೇಕು. ಬಳಸಿದ ನೀರು ಮಾಯವಾಗುವುದಿಲ್ಲ. ಹಾಗಾದರೆ ಅದು ಎಲ್ಲಿಗೆ ಹೋಗುತ್ತದೆ?

ದೊಡ್ಡ ನಗರಗಳಲ್ಲಿ ಒಳಚರಂಡಿ ಇರುತ್ತದೆ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಆದ್ದರಿಂದ ಮನೆಯ ಕೊಳಚೆ ನೀರಿನ ವ್ಯವಸ್ಥೆಯನ್ನು ಮನೆಯವರೇ ಮಾಡಿಕೊಳ್ಳಬೇಕು.

ಬಚ್ಚಲ ನೀರು

ಬಚ್ಚಲ ನೀರನ್ನು ಬೀದಿಗೆ ಬಿಡಬಾರದು. ನಿಂತ ನೀರಿನಲ್ಲಿ ಸೊಳ್ಳೆಗಳು ಮೊಟ್ಟೆ ಇಡುತ್ತವೆ. ಆ ನೀರನ್ನು ಹಿತ್ತಲಿನ ಬಾಳೆ, ತೆಂಗಿನ ಗಿಡಗಳಿಗೆ ಹರಿಸಬಹುದು.

ಮಲತೊಟ್ಟಿ

ಶೌಚಾಲಯದ ನೀರು ಸೆಪ್ಟಿಕ್ ಟ್ಯಾಂಕಿಗೆ, ಅಂದರೆ ಮಲತೊಟ್ಟಿಗೆ ಹೋಗುತ್ತದೆ. ಅಲ್ಲಿ ಭಾರವಾದ ಹೊಲಸು ತಳಕ್ಕೆ ಇಳಿದು ಕೆಸರಾಗುತ್ತದೆ. ಹಗುರವಾದದ್ದು ಹಾಲಿನ ಕೆನೆಯಂತೆ ಮೇಲೆ ತೇಲುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಸರನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತವೆ. ನಡುವಿನ ನೀರು ಇಂಗುಗುಂಡಿಗೆ ಹರಿದು ನೆಲಕ್ಕೆ ಇಳಿಯುತ್ತದೆ. ಆ ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ರೋಗಾಣುಗಳಿರುತ್ತವೆ. ಆದ್ದರಿಂದ ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 60 ಅಡಿ ದೂರವಿರಬೇಕು.

ಆದೋನಿ, ಕೌತಾಳಂ ಕಡೆ ಎರೆಭೂಮಿ ಹೆಚ್ಚು. ಎರೆಮಣ್ಣು ಹತ್ತಿಗೆ ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದೆ; ಮಳೆಗಾಲದಲ್ಲಿ ಉಬ್ಬಿ ನೀರನ್ನು ಬೇಗ ಇಂಗಗೊಡುವುದಿಲ್ಲ. ಇಂಥ ನೆಲದಲ್ಲಿ ಇಂಗುಗುಂಡಿಯನ್ನು ದೊಡ್ಡದಾಗಿ ತೋಡಿ, ಸುತ್ತಲೂ ಮರಳು, ಜಲ್ಲಿ ತುಂಬಬೇಕು.

ಪ್ಲಾಸ್ಟಿಕ್, ಬಟ್ಟೆಯ ಚೂರು, ಅಡುಗೆ ಎಣ್ಣೆ ಇವುಗಳನ್ನು ಶೌಚಾಲಯಕ್ಕೆ ಹಾಕಬಾರದು. ಫಿನಾಯಿಲ್ ಹೆಚ್ಚಾಗಿ ಸುರಿದರೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಕೆಸರನ್ನು ಹೀರುವ ಯಂತ್ರದಿಂದ ತೆಗೆಸಬೇಕು. ಅದನ್ನು ಹಳ್ಳಕ್ಕೆ, ಕಾಲುವೆಗೆ ಸುರಿಯಬಾರದು.

ಎಂದೂ ಒಳಗೆ ಇಳಿಯಬಾರದು

ತೊಟ್ಟಿಯೊಳಗೆ ವಿಷಗಾಳಿ ತುಂಬಿರುತ್ತದೆ. ಉಸಿರಾಡಲು ಬೇಕಾದ ಆಮ್ಲಜನಕ ಸಾಲದು. ಒಳಗೆ ಇಳಿದವರು ಕ್ಷಣದಲ್ಲೇ ಪ್ರಜ್ಞೆ ತಪ್ಪಿ ಬೀಳುತ್ತಾರೆ. ಅವರನ್ನು ಉಳಿಸಲು ಇಳಿದವರೂ ಹಾಗೆಯೇ ಸಾಯುತ್ತಾರೆ. ನಮ್ಮ ದೇಶದಲ್ಲಿ ಹೀಗೆ ಪ್ರಾಣ ಕಳೆದುಕೊಂಡವರು ಅನೇಕರು. ಅವರಿಗೂ ಮನೆಯಲ್ಲಿ ನಿಮ್ಮಂಥ ಮಕ್ಕಳಿದ್ದರು.

ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಮಲತೊಟ್ಟಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಕರ್ನಾಟಕದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಅನಿಷ್ಟ ಪದ್ಧತಿಯ ವಿರುದ್ಧ ಹೋರಾಡಿದರು. 2016ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ನಮ್ಮ ಮನೆಯ ಹೊಲಸಿಗಾಗಿ ಇನ್ನೊಬ್ಬರ ಜೀವ ಹೋಗಬಾರದು. ತೊಟ್ಟಿಯ ಮುಚ್ಚಳ ಒಡೆದಿದ್ದರೆ ಹತ್ತಿರ ಹೋಗಬೇಡಿ. ಕೂಡಲೇ ಹಿರಿಯರಿಗೆ ತಿಳಿಸಿರಿ.

ಪದಗಳ ಅರ್ಥ

ಇಂಗು – ನೆಲದೊಳಗೆ ಇಳಿ
ತಿಳಿ – ಕದಡದ, ನಿರ್ಮಲವಾದ
ಅನಿಷ್ಟ – ಕೆಟ್ಟ, ಬೇಡವಾದ

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಉತ್ತರಿಸಿರಿ.
1. ಬಚ್ಚಲ ನೀರನ್ನು ಹೇಗೆ ಬಳಸಬಹುದು?
2. ಎರೆಭೂಮಿಯಲ್ಲಿ ಇಂಗುಗುಂಡಿಯನ್ನು ದೊಡ್ಡದಾಗಿ ತೋಡಬೇಕು. ಏಕೆ?
3. ಮಲತೊಟ್ಟಿಗೆ ಯಾರೂ ಏಕೆ ಇಳಿಯಬಾರದು?

ಆ. ಬಿಟ್ಟ ಸ್ಥಳ ತುಂಬಿರಿ.
1. ಮಲತೊಟ್ಟಿಯ ತಳದಲ್ಲಿ ______ ಸೇರುತ್ತದೆ.
2. ಇಂಗುಗುಂಡಿ ಬಾವಿಯಿಂದ ಕನಿಷ್ಠ ______ ಅಡಿ ದೂರವಿರಬೇಕು.

ಇ. ಮಾಡಿ ನೋಡಿರಿ.
ಗಾಜಿನ ಬಾಟಲಿಯಲ್ಲಿ ನೀರು, ಒಂದು ಹಿಡಿ ಮಣ್ಣು, ಎರಡು ಚಮಚ ಎಣ್ಣೆ ಹಾಕಿ ಚೆನ್ನಾಗಿ ಅಲುಗಾಡಿಸಿರಿ. ಒಂದು ಗಂಟೆ ಬಿಟ್ಟು ನೋಡಿರಿ. ಮೇಲೆ ಏನಿದೆ? ನಡುವೆ ಏನಿದೆ? ತಳದಲ್ಲಿ ಏನಿದೆ? ಚಿತ್ರ ಬರೆದು ಹೆಸರಿಸಿರಿ. ಮಲತೊಟ್ಟಿಯೊಂದಿಗೆ ಹೋಲಿಸಿರಿ.