ಹಳ್ಳ ಬತ್ತಿದ ಮೇಲೆ

ಭಾನುವಾರದ ಆರಾಧನೆಯ ಸಂದೇಶ – ತುರ್ವಿಹಾಳ, ಫೆಬ್ರವರಿ 2024
ಓದುವ ಭಾಗ: 1 ಅರಸುಗಳು 17:1–16

ಎಲ್ಲರೂ ನಿಮ್ಮ ಬೈಬಲ್ ತೆರೆಯಿರಿ. ಒಂದನೇ ಅರಸುಗಳು ಹದಿನೇಳನೇ ಅಧ್ಯಾಯ. ಓದು ಬಾರದ ಅಮ್ಮಂದಿರಿಗೆ ಪಕ್ಕದಲ್ಲಿ ಕೂತ ಮಕ್ಕಳು ಓದಿ ಹೇಳ್ರಿ.

ಈ ಸಂದೇಶ ಯಾಕೆ ಅಂತ ನಿಮಗೆ ಗೊತ್ತು. ಈ ವರ್ಷ ಮಳೆ ಕೈಕೊಟ್ಟಿತು. ನಮ್ಮ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರಿಲ್ಲ. ನೀರಿಲ್ಲ ಅಂದ ಮೇಲೆ ಭತ್ತದ ನಾಟಿ ಇಲ್ಲ, ಕಳೆ ಕೀಳುವುದಿಲ್ಲ, ಕೂಲಿ ಇಲ್ಲ. ಇಂಥಾ ಬ್ಯಾಸಿಗೆಯಲ್ಲಿ ನಮ್ಮ ಸುತ್ತಲಿನ ಹಳ್ಳಿಗಳ ಜನ ಕೈ ಚಾಚುತ್ತಿದ್ದದ್ದು ಉದ್ಯೋಗ ಖಾತ್ರಿ ಕೆಲಸಕ್ಕೆ. 2006ರಲ್ಲಿ ಆ ಯೋಜನೆ ದೇಶದ 200 ಜಿಲ್ಲೆಗಳಲ್ಲಿ ಮೊದಲು ಶುರು ಆದಾಗ ನಮ್ಮ ರಾಯಚೂರು ಜಿಲ್ಲೆಯೂ ಅದರಲ್ಲಿ ಇತ್ತು. ಹದಿನೆಂಟು ವರ್ಷ ಬದು, ಕೃಷಿ ಹೊಂಡ, ಕೆರೆ ಹೂಳು ಅಂತ ಕೆಲಸ ಮಾಡಿ ಎಷ್ಟೋ ಮನೆಗಳು ಒಲೆ ಹಚ್ಚಿವೆ.

ಈಗ ಲೆಕ್ಕ ನೋಡ್ರಿ. ಕೊರೋನಾ ಬಂದ 2020–21ರಲ್ಲಿ ಕೇಂದ್ರ ಸರ್ಕಾರ ಈ ಯೋಜನೆಗೆ 1 ಲಕ್ಷ 11 ಸಾವಿರ ಕೋಟಿ ರೂಪಾಯಿ ಖರ್ಚು ಮಾಡಿತು. 2022–23ರ ಪರಿಷ್ಕೃತ ಲೆಕ್ಕದಲ್ಲಿ 89,400 ಕೋಟಿ ಇತ್ತು. ಕಳೆದ ವರ್ಷ, 2023ರ ಫೆಬ್ರವರಿ 1ರ ಬಜೆಟ್‌ನಲ್ಲಿ ಅದನ್ನು 60,000 ಕೋಟಿಗೆ ಇಳಿಸಿದರು. ಆಮೇಲೆ ಕೆಲಸ ಕೇಳುವವರು ಹೆಚ್ಚಾದರು, ದುಡ್ಡು ಸಾಲಲಿಲ್ಲ, 86,000 ಕೋಟಿಗೆ ಏರಿಸಿದರು. ಈ ತಿಂಗಳ 1ನೇ ತಾರೀಖಿನ ಬಜೆಟ್‌ನಲ್ಲಿ ಮುಂದಿನ ವರ್ಷಕ್ಕೂ ಅಷ್ಟೇ ಇಟ್ಟಿದ್ದಾರೆ. ಬರಗಾಲ ಹೆಚ್ಚಾಯಿತು, ದಿನಕೂಲಿ 316 ರೂಪಾಯಿ ಆಯಿತು, ಆದರೆ ಒಟ್ಟು ಚೀಲ ದೊಡ್ಡದಾಗಲಿಲ್ಲ. ದೆಹಲಿಯಲ್ಲಿ ಒಂದು ಅಂಕಿ ಇಳಿದರೆ ನಮ್ಮ ಊರಲ್ಲಿ ಮಸ್ಟರ್ ರೋಲ್‌ನಿಂದ ಒಂದು ಹೆಸರು ಇಳೀತದೆ. ಜೊತೆಗೆ ಈ ಜನವರಿ 1ರಿಂದ ಆಧಾರ್ ಜೋಡಣೆ ಸರಿ ಇಲ್ಲದಿದ್ದರೆ ಕೂಲಿ ಖಾತೆಗೆ ಬರೋದಿಲ್ಲ ಅನ್ನುವ ನಿಯಮ ಬೇರೆ.

"ಪಾಸ್ಟರ್, ಇನ್ನು ಏನು ಮಾಡೋದು, ಗುಳೆ ಹೋಗೋದಾ?" ಈ ಪ್ರಶ್ನೆಗೆ ದೇವರ ವಾಕ್ಯ ಏನು ಹೇಳುತ್ತದೆ ಅಂತ ಇವತ್ತು ಮೂರು ಪಾಠಗಳಲ್ಲಿ ನೋಡೋಣ.

1. ಹಳ್ಳ ಬತ್ತಿದ್ದು ಎಲೀಯನ ಪಾಪದಿಂದ ಅಲ್ಲ

ದೇವರೇ ಎಲೀಯನನ್ನು ಕೆರೀತ್ ಹಳ್ಳಕ್ಕೆ ಕಳಿಸಿದನು. ಹಳ್ಳದ ನೀರು ಕುಡಿ, ಕಾಗೆಗಳು ಊಟ ತರುತ್ತವೆ ಅಂತ ಹೇಳಿದ್ದು ದೇವರೇ. ಕಾಗೆಗಳು ಬೆಳಿಗ್ಗೆ ಸಂಜೆ ಎರಡು ಹೊತ್ತು ತಪ್ಪದೆ ಬಂದವು. (ನಮ್ಮ ಖಾತ್ರಿ ಕೆಲಸದಲ್ಲಿ ಎರಡು ಹೊತ್ತು ತಪ್ಪದೆ ಬರೋದು ಮೊಬೈಲ್ ಫೋಟೋ ಮಾತ್ರ!) ಎಲೀಯ ಹೇಳಿದ ಮಾತು ಕೇಳಿದನು, ಹೇಳಿದ ಜಾಗದಲ್ಲಿ ಇದ್ದನು. ಆದರೂ ಏಳನೇ ವಚನದಲ್ಲಿ ಹಳ್ಳ ಬತ್ತಿತು.

ಯಾಕೆ ಬತ್ತಿತು? ಎಲೀಯನಿಗೆ ವಿಶ್ವಾಸ ಕಡಿಮೆ ಆಯಿತು ಅಂತ ಬರೆದಿದೆಯಾ? ದಶಮಾಂಶ ಕೊಡಲಿಲ್ಲ ಅಂತ ಬರೆದಿದೆಯಾ? ಯಾರೋ ಮಾಟ ಮಾಡಿಸಿದರು ಅಂತ ಬರೆದಿದೆಯಾ? ಇಲ್ಲ. ದೇಶದಲ್ಲಿ ಮಳೆ ಇರಲಿಲ್ಲ, ಅದಕ್ಕೆ ಬತ್ತಿತು. ಅಷ್ಟೇ. ಆ ಬರ ಬಂದದ್ದು ಅಹಾಬ ರಾಜನ ಕಾಲದ ಅಪನಂಬಿಕೆಯಿಂದ. ಆದರೆ ಬಾಯಾರಿಕೆ ಅಹಾಬನಿಗೆ ಮಾತ್ರ ಆಗಲಿಲ್ಲ, ದೇವರ ಸೇವಕನಿಗೂ ಆಯಿತು.

ಪ್ರಿಯರೇ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿರಿ. ನಿಮ್ಮ ಕೆಲಸ ಹೋದರೆ ಅದು ನಿಮ್ಮ ಮೇಲಿನ ಶಾಪ ಅಲ್ಲ. ಖಾತ್ರಿ ಕೂಲಿ ಮಾಡುವವರಿಗೆ ಹೇಳುತ್ತೇನೆ, ಗುತ್ತಿಗೆ ಕೆಲಸದಲ್ಲಿ ಇದ್ದು ಈಗ ಮನೆಯಲ್ಲಿ ಕೂತಿರುವ ತಮ್ಮಂದಿರಿಗೂ ಹೇಳುತ್ತೇನೆ. ಮನೆಯಲ್ಲಿ ಹೆಂಡತಿ ಮಕ್ಕಳ ಮುಂದೆ ತಲೆ ತಗ್ಗಿಸಬೇಡಿರಿ. ಕೆಲಸ ಹೋದ ಸಿಟ್ಟನ್ನು ಅವರ ಮೇಲೆ ಹಾಕಬೇಡಿರಿ, ಕುಡಿತಕ್ಕೆ ತಿರುಗಬೇಡಿರಿ. ಬೇರೆಯವರ ಕೆಲಸ ಹೋದಾಗ "ಏನೋ ಪಾಪ ಇರಬೇಕು" ಅಂತ ಸಭೆಯಲ್ಲಿ ಯಾರೂ ಪಿಸುಗುಟ್ಟಬಾರದು. ಯೋಬನ ಸ್ನೇಹಿತರು ಹಾಗೆ ಮಾತಾಡಿದರು, ಕೊನೆಗೆ ದೇವರು ಅವರ ಮೇಲೆಯೇ ಕೋಪಗೊಂಡನು.

ಹಳ್ಳ ಬತ್ತಿತು. ಹಳ್ಳ ಕೊಟ್ಟ ದೇವರು ಬತ್ತಲಿಲ್ಲ. ಆಮೆನ್ ಹೇಳ್ರಿ!

2. ಎದ್ದು ಹೋಗು ಎಂಬ ಮಾತು ಹಳ್ಳ ಬತ್ತಿದ ಮೇಲೆ ಬಂತು

ವಚನಗಳ ಸಾಲು ಗಮನಿಸಿರಿ. ಏಳನೇ ವಚನದಲ್ಲಿ ಹಳ್ಳ ಬತ್ತಿತು. ಎಂಟು ಒಂಬತ್ತರಲ್ಲಿ ದೇವರ ಮಾತು ಬಂತು: ಎದ್ದು ಚಾರೆಪ್ತಕ್ಕೆ ಹೋಗು. ಮೊದಲೇ ಹೇಳಬಹುದಿತ್ತು, ಹೇಳಲಿಲ್ಲ. ಮೂರು ವರ್ಷದ ಯೋಜನೆ ಕೈಯಲ್ಲಿ ಕೊಡಲಿಲ್ಲ. ಒಂದು ಹೆಜ್ಜೆ ಮಾತ್ರ ತೋರಿಸಿದನು. ಎಲೀಯನೂ ಬತ್ತಿದ ಹಳ್ಳದ ಹತ್ತಿರ ಕೂತು "ನೀರು ಮತ್ತೆ ಬರಲಿ" ಅಂತ ಹಟ ಹಿಡಿಯಲಿಲ್ಲ. ಎದ್ದನು, ನಡೆದನು.

ನಮಗೆ ಎದ್ದು ನಡೆಯುವುದು ಅಂದರೆ ಏನು? ಉಪವಾಸ ಪ್ರಾರ್ಥನೆ ಮಾಡಿರಿ, ಶುಕ್ರವಾರ ಬನ್ನಿರಿ. ಆದರೆ ಸೋಮವಾರ ಗ್ರಾಮ ಪಂಚಾಯಿತಿಗೂ ಹೋಗಿರಿ. ಉದ್ಯೋಗ ಖಾತ್ರಿ ಯಾರೋ ಕೊಡುವ ಭಿಕ್ಷೆ ಅಲ್ಲ, 2005ರ ಕಾನೂನು. ಜಾಬ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 100 ದಿನ. "ಕೆಲಸ ಕೊಡ್ರಿ" ಅಂತ ಬಾಯಲ್ಲಿ ಕೇಳಿ ಮನೆಗೆ ಬರಬೇಡಿರಿ. ನಮೂನೆ 6ರಲ್ಲಿ ಅರ್ಜಿ ಬರೆದು ಕೊಡಿರಿ, ತಾರೀಖು ಹಾಕಿದ ರಸೀದಿ ಕೇಳಿ ತಗೊಳ್ಳಿರಿ. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಕಾನೂನಿನಲ್ಲಿದೆ: ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ರಸೀದಿ ಇಲ್ಲದವರು ಕೇಳಿದ್ದೇ ಇಲ್ಲ ಅಂತ ಆಗ್ತದೆ. ಜನ ಕೇಳಿದ್ದು ದಾಖಲೆಯಲ್ಲಿ ಇಲ್ಲದಿದ್ದರೆ ಮೇಲಿನವರು ಬೇಡಿಕೆಯೇ ಇಲ್ಲ ಅಂದುಕೊಳ್ಳುತ್ತಾರೆ.

ಆಧಾರ್‌ನಲ್ಲಿ ಒಂದು ಹೆಸರು, ಜಾಬ್ ಕಾರ್ಡ್‌ನಲ್ಲಿ ಒಂದು ಹೆಸರು ಇರುವವರು ಈ ವಾರವೇ ಸರಿಮಾಡಿಸಿರಿ. ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ ಅಂತ ಕೇಳಿರಿ. ನಮ್ಮ ಯೌವನಸ್ಥರು ನಾಲ್ಕು ಜನ ಅರ್ಜಿ ಬರೆಯಲು ಆರಾಧನೆ ಮುಗಿದ ಮೇಲೆ ಕೂತಿರುತ್ತಾರೆ. ಸಭೆಯವರಿಗೆ ಮಾತ್ರ ಅಲ್ಲ, ನಿಮ್ಮ ಓಣಿಯ ಯಾರನ್ನಾದರೂ ಕರೆದುಕೊಂಡು ಬನ್ನಿರಿ.

ತುರ್ವಿಹಾಳ ಊರೊಳಗಿನವರಿಗೆ ಒಂದು ಮಾತು. ನಮ್ಮದು ಪಟ್ಟಣ ಪಂಚಾಯಿತಿ. ಆ ಕಾನೂನು ಗ್ರಾಮೀಣ ಪ್ರದೇಶಕ್ಕೆ ಮಾತ್ರ, ಆದ್ದರಿಂದ ನಮಗೆ ಖಾತ್ರಿ ಕೆಲಸ ಇಲ್ಲ. ಹಳ್ಳಿಯವರ ಕಷ್ಟ ದೂರದ್ದು ಅಂತ ನೋಡಬೇಡಿರಿ. ಅವರ ಕೈಯಲ್ಲಿ ಕೂಲಿ ಇಲ್ಲದಿದ್ದರೆ ನಮ್ಮ ಕಿರಾಣಿ ಅಂಗಡಿ, ಹೋಟೆಲ್, ಆಟೋ ಯಾವುದೂ ನಡೆಯೋದಿಲ್ಲ.

"ಅರ್ಜಿ ಹಾಕೋದು ವಿಶ್ವಾಸ ಇಲ್ಲದವರ ಕೆಲಸ ಅಲ್ವಾ ಪಾಸ್ಟರ್?" ಅಂತ ಕೆಲವರು ಕೇಳುತ್ತಾರೆ. ರೂತಳನ್ನು ನೋಡಿರಿ. ಅವಳ ಅತ್ತೆಯ ಮನೆಯವರು ಬರ ಬಿದ್ದು ಬೇತ್ಲೆಹೇಮಿನಿಂದ ಮೋವಾಬಿಗೆ ಗುಳೆ ಹೋದವರು. ಗಂಡಂದಿರನ್ನು ಕಳೆದುಕೊಂಡು ಅತ್ತೆ ಸೊಸೆ ವಾಪಸ್ ಬಂದಾಗ ರೂತಳು ಹೊಲಕ್ಕೆ ಹೋಗಿ ಹಕ್ಕಲಾಯ್ದಳು. ಅದು ಬೋವಜನ ದೊಡ್ಡ ಮನಸ್ಸಿನಿಂದ ಮಾತ್ರ ಸಿಕ್ಕಿದ್ದಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗೂ ಬಿಡಬೇಕು ಅಂತ ಯಾಜಕಕಾಂಡ 19ರಲ್ಲಿ ದೇವರೇ ಕಾನೂನು ಮಾಡಿದ್ದನು. ಬಡವರ ಪಾಲನ್ನು ಕಾನೂನಿನಲ್ಲಿ ಬರೆಸಿದ್ದು ದೇವರು. ಅದನ್ನು ಕೇಳಿ ಪಡೆಯುವುದು ನಾಚಿಕೆಯ ಕೆಲಸ ಹೇಗೆ ಆಗ್ತದೆ? ರೂತಳಿಗೆ ನಾಚಿಕೆ ಆಗಲಿಲ್ಲ. ಅವಳ ವಂಶದಲ್ಲೇ ನಮ್ಮ ಕರ್ತನು ಹುಟ್ಟಿಬಂದನು. ಹಲ್ಲೆಲೂಯ!

3. ಮಡಕೆ ತುಂಬಿ ತುಳುಕಲಿಲ್ಲ, ಆದರೆ ಬರಿದಾಗಲಿಲ್ಲ

ಈಗ ಚಾರೆಪ್ತದ ವಿಧವೆ. ದೇವರು ಎಲೀಯನನ್ನು ಶ್ರೀಮಂತನ ಮನೆಗೆ ಕಳಿಸಲಿಲ್ಲ. ಕೊನೆಯ ಹಿಡಿ ಹಿಟ್ಟಿಗೆ ಎರಡು ಕಟ್ಟಿಗೆ ಆರಿಸುತ್ತಿದ್ದ ಹೆಣ್ಣುಮಗಳ ಮನೆಗೆ ಕಳಿಸಿದನು. ಮಗನ ಜೊತೆ ಇದನ್ನು ತಿಂದು ಸಾಯೋದೇ ಅಂತ ತೀರ್ಮಾನ ಮಾಡಿದ್ದವಳು. ಅವಳು ಚೀದೋನ್ ನಾಡಿನವಳು, ಇಸ್ರಾಯೇಲಿನವಳೂ ಅಲ್ಲ.

ಈ ಭಾಗವನ್ನು ಕೆಲವು ಕಡೆ ಹೀಗೆ ಬೋಧಿಸುತ್ತಾರೆ: "ಆ ವಿಧವೆ ಮೊದಲು ಪ್ರವಾದಿಗೆ ಕೊಟ್ಟಳು, ನೀನೂ ನಿನ್ನ ಕೊನೆಯ ದುಡ್ಡನ್ನು ಸೇವಕನಿಗೆ ಕೊಡು, ನೂರುಪಟ್ಟು ಬರುತ್ತದೆ." ಪ್ರಿಯರೇ, ವಾಕ್ಯವನ್ನು ಪೂರ್ತಿ ಓದಿರಿ. ಎಲೀಯ ಹಿಟ್ಟು ತಗೊಂಡು ಬೇರೆ ಊರಿಗೆ ಹೋಗಲಿಲ್ಲ. ಅದೇ ಮನೆಯಲ್ಲಿ ಅದೇ ಬರದಲ್ಲಿ ಅದೇ ರೊಟ್ಟಿ ತಿಂದನು. ಅವನೂ ಅವಳೂ ಅವಳ ಮನೆಯವರೂ ಕೂಡಿ ತಿಂದರು ಅಂತ ಹದಿನೈದನೇ ವಚನದಲ್ಲಿದೆ. ಅವಳ ಮನೆ ಉಳಿಯಲಿ ಅಂತಲೇ ದೇವರು ಅವನನ್ನು ಕಳಿಸಿದ್ದು.

ಇನ್ನೊಂದು ವಿಷಯ. ಮಡಕೆ ತುಂಬಿ ಉಕ್ಕಿತು ಅಂತ ಎಲ್ಲಿಯೂ ಬರೆದಿಲ್ಲ. ತೀರಲಿಲ್ಲ ಅಂತ ಬರೆದಿದೆ. ಪ್ರತಿದಿನ ಬೆಳಿಗ್ಗೆ ಅವಳು ಮಡಕೆಯೊಳಗೆ ಕೈ ಹಾಕಿದಾಗ ಅವತ್ತಿನ ಹಿಟ್ಟು ಇತ್ತು. ನಾಳೆಯದು ಕಾಣಿಸುತ್ತಿರಲಿಲ್ಲ. ಕರ್ತನು ನಮಗೆ ಕಲಿಸಿದ ಪ್ರಾರ್ಥನೆಯೂ ದಿನದ ರೊಟ್ಟಿಗಾಗಿಯೇ. "ಈ ವರ್ಷ ನೀವು ಕೋಟ್ಯಧಿಪತಿ" ಅಂತ ನಾನು ನಿಮಗೆ ಹೇಳುವುದಿಲ್ಲ. ವಾಕ್ಯ ಹೇಳುವುದನ್ನೇ ಹೇಳುತ್ತೇನೆ: ಬರ ಮುಗಿಯುವ ತನಕ ದೇವರು ನಡೆಸುತ್ತಾನೆ, ಮತ್ತು ಹೆಚ್ಚಾಗಿ ಇನ್ನೊಬ್ಬ ಬಡವರ ಮನೆಯ ಮೂಲಕವೇ ನಡೆಸುತ್ತಾನೆ.

ಆದ್ದರಿಂದ ಹಿರಿಯರೆಲ್ಲ ಕೂತು ಪ್ರಾರ್ಥಿಸಿ ಕೆಲವು ತೀರ್ಮಾನ ಮಾಡಿದ್ದೇವೆ.

ಒಂದು: ಕಾಣಿಕೆಗಾಗಿ ಯಾರೂ ಸಾಲ ಮಾಡಬಾರದು. ಕೂಲಿ ಇಲ್ಲದ ಮನೆಯವರು ಖಾಲಿ ಕೈಯಲ್ಲಿ ಬನ್ನಿರಿ, ಮುಂದಿನ ಸಾಲಿನಲ್ಲಿ ಕೂಡಿರಿ.

ಎರಡು: ಸಭೆಯ ಬಾಗಿಲ ಹತ್ತಿರ ಎರಡು ಚೀಲ ಇಡುತ್ತೇವೆ, ಒಂದು ಅಕ್ಕಿಗೆ, ಒಂದು ಜೋಳಕ್ಕೆ. ಇದ್ದವರು ಹಾಕಿರಿ, ಇಲ್ಲದವರು ಒಯ್ಯಿರಿ. ಯಾರು ಹಾಕಿದರು, ಯಾರು ಒಯ್ದರು ಅಂತ ಬರೆದಿಡುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಓಬದ್ಯ ಅಂತ ಒಬ್ಬನಿದ್ದಾನೆ, ಅಹಾಬನ ಅರಮನೆಯ ಅಧಿಕಾರಿ. ಅದೇ ಬರದಲ್ಲಿ ರಾಜನು ತನ್ನ ಕುದುರೆ ಹೇಸರಗತ್ತೆಗೆ ಹುಲ್ಲು ಹುಡುಕುತ್ತಿದ್ದರೆ, ಈ ಓಬದ್ಯ ನೂರು ಪ್ರವಾದಿಗಳನ್ನು ಐವತ್ತೈವತ್ತಾಗಿ ಗವಿಗಳಲ್ಲಿ ಬಚ್ಚಿಟ್ಟು ಅನ್ನ ನೀರು ಕೊಟ್ಟು ಸಾಕಿದನು. ತಿಂಗಳ ಸಂಬಳ ಇರುವ ನಮ್ಮ ಅಣ್ಣಂದಿರೇ, ಅಕ್ಕಂದಿರೇ, ದೇವರು ನಿಮ್ಮನ್ನು ಆ ಕುರ್ಚಿಯಲ್ಲಿ ಕೂಡಿಸಿದ್ದು ಓಬದ್ಯನಾಗಲಿಕ್ಕೆ.

ಮೂರು: ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದ ಸಾಲ ತೆಗೆಯಬೇಡಿರಿ. ಜ್ಞಾನೋಕ್ತಿ 22:7 ಸಾಲಗಾರನ ಸ್ಥಿತಿ ಏನು ಅಂತ ಹೇಳುತ್ತದೆ. ಕಂತು ಕಟ್ಟಲು ಆಗದಿದ್ದರೆ ಮುಚ್ಚಿಡದೆ ಬಂದು ಹೇಳಿರಿ. ಹಿರಿಯರು ನಿಮ್ಮ ಜೊತೆ ಬಂದು ಕಾಲಾವಕಾಶ ಕೇಳುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ದುಡ್ಡು. ಗಂಡಸರು ಅದಕ್ಕೆ ಕೈ ಹಾಕಬಾರದು.

ನಾಲ್ಕು: ಗುಳೆ ಹೋಗುವುದು ಪಾಪ ಅಲ್ಲ. ಆದರೆ ಹೇಳದೆ ಹೋಗಬೇಡಿರಿ. ರೇಷನ್ ಕಾರ್ಡ್ ತಗೊಂಡು ಹೋಗಿರಿ, ಬೇರೆ ಊರಲ್ಲೂ ನಡೀತದೆ. ಓದುವ ಮಕ್ಕಳನ್ನು ಶಾಲೆ ಬಿಡಿಸಬೇಡಿರಿ. ಹಿಂದೆ ಉಳಿಯುವ ಮುದುಕರು ಮಕ್ಕಳು ಯಾರು ಅಂತ ಹೆಸರು ಕೊಡಿರಿ. ಹತ್ತಿರದ ಮನೆಯವರು ದಿನಾ ಒಂದು ಸಲ ನೋಡಿ ಬರುತ್ತಾರೆ.

ಕೊನೆಯದಾಗಿ, ಆಳುವವರಿಗಾಗಿ ಪ್ರಾರ್ಥಿಸಬೇಕು ಅಂತ 1 ತಿಮೊಥೆಯ 2 ಹೇಳುತ್ತದೆ. ಯಾರನ್ನೂ ಶಪಿಸುವುದಿಲ್ಲ, ಯಾವ ಪಕ್ಷದ ಪರವೂ ಈ ವೇದಿಕೆಯಿಂದ ಮಾತಾಡುವುದಿಲ್ಲ. ಆದರೆ ದುಡಿದವನ ಕೂಲಿ ತಡೆದರೆ ಆ ಕೂಲಿಯೇ ದೇವರ ಕಿವಿಗೆ ಕೂಗುತ್ತದೆ ಅಂತ ಯಾಕೋಬ 5:4ರಲ್ಲಿದೆ. ನಮ್ಮ ದೇಶದ ಕಾನೂನಿನಲ್ಲೂ ಖಾತ್ರಿ ಕೂಲಿ 15 ದಿನದೊಳಗೆ ಕೊಡಬೇಕು, ತಡವಾದರೆ ಪರಿಹಾರ ಕೊಡಬೇಕು ಅಂತ ಇದೆ. ಪ್ರಾರ್ಥಿಸುವ ಬಾಯಲ್ಲೇ ನ್ಯಾಯವನ್ನೂ ಮರ್ಯಾದೆಯಿಂದ ಕೇಳೋಣ.

ಪ್ರಾರ್ಥನೆ

ಪರಲೋಕದ ತಂದೆಯೇ, ಬತ್ತಿದ ಹಳ್ಳದ ಮುಂದೆ ನಿಂತಿರುವ ನಿನ್ನ ಮಕ್ಕಳನ್ನು ನೋಡು. ಕೆಲಸ ಇಲ್ಲದ ಕೈಗಳಿಗೆ ಕೆಲಸ ಕೊಡು. ದುಡಿದ ಕೂಲಿ ತಡವಾಗದಿರಲಿ. ನಮ್ಮ ಮಡಕೆಯಲ್ಲಿ ಇವತ್ತಿನ ಹಿಟ್ಟು ಇರಲಿ, ಅದನ್ನು ಹಂಚಿ ತಿನ್ನುವ ಮನಸ್ಸು ಇರಲಿ. ನಮ್ಮ ನಾಡಿಗೆ ಮಳೆ ಕೊಡು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಈ ವಾರ ಮನೆ ಕೂಟದಲ್ಲಿ ಮಾತಾಡಲು

1. ಹಳ್ಳ ಬತ್ತಿದ್ದಕ್ಕೆ ಏಳನೇ ವಚನ ಕೊಡುವ ಕಾರಣ ಏನು? ಕಷ್ಟ ಬಂದಾಗ ನಾವು ಸಾಮಾನ್ಯವಾಗಿ ಯಾವ ಕಾರಣ ಹುಡುಕುತ್ತೇವೆ?
2. ಯಾಜಕಕಾಂಡ 19:9–10 ಓದಿರಿ. ನಮ್ಮ ಸಂಪಾದನೆಯಲ್ಲಿ ನಾವು ಕೊಯ್ಯದೆ ಬಿಡಬೇಕಾದ ಅಂಚು ಯಾವುದು?
3. ನಿಮ್ಮ ಓಣಿಯಲ್ಲಿ ಅರ್ಜಿ ಬರೆಯಲು, ಆಧಾರ್ ಸರಿಮಾಡಿಸಲು ಸಹಾಯ ಬೇಕಾದವರು ಯಾರು? ಮುಂದಿನ ಭಾನುವಾರದೊಳಗೆ ಅವರನ್ನು ಯಾರು ಕರೆದುಕೊಂಡು ಹೋಗುತ್ತೀರಿ?

ಕರ್ತನು ನಿಮ್ಮ ಮನೆಗಳನ್ನು ಕಾಯಲಿ. ದೇವರು ನಿಮ್ಮನ್ನು ಆಶೀರ್ವದಿಸಲಿ.