ಸಪ್ಪಳಿಲ್ಲದ ಗಾಡಿ

ಅಕ್ಕಂದಿರೇ, ಯರಗಟ್ಟಿ ಸಂತೆ ಮಾಡಿ ಊರಿಗೆ ಬರುವಾಗ ಏನಾಗುತ್ತದೆ? ಬಸ್ಸು ದೊಡ್ಡ ರಸ್ತೆಗೆ ಇಳಿಸಿ ಹೋಗುತ್ತದೆ. ಅಲ್ಲಿಂದ ಮನೆತನಕ ಚೀಲ ಹೊರುವವರು ಯಾರು? ನಾವೇ! ದೂರ ಸ್ವಲ್ಪ, ದಣಿವು ಬಹಳ.

ಬೆಂಗಳೂರಿನಲ್ಲಿ ಸಾಮಾನಿನ ಗತಿಯೂ ಹೀಗೇ ಐತಿ. ಲಾರಿ ಗೋದಾಮಿನ ತನಕ ಬರುತ್ತದೆ. ಅಲ್ಲಿಂದ ಮನೆಮನೆಗೆ ಮುಟ್ಟಿಸಬೇಕು. ಓಣಿ ಇಕ್ಕಟ್ಟು. ಹೆಜ್ಜೆಗೊಮ್ಮೆ ನಿಲ್ಲಬೇಕು. ಇಂಜಿನ್ ಬಂದ್ ಮಾಡದಿದ್ದರೆ ನಿಂತಲ್ಲೇ ಪೆಟ್ರೋಲ್ ಉರಿಯುತ್ತದೆ. ಓಣಿ ತುಂಬ ಹೊಗೆ.

ಅದಕ್ಕೇ ಈಗ ಕರೆಂಟಿನ ಸ್ಕೂಟರು, ಮೂರು ಗಾಲಿಯ ಗಾಡಿ ಬಂದಾವ. ಇವುಗಳಲ್ಲಿ ಪೆಟ್ರೋಲ್ ಇಲ್ಲ. ಬ್ಯಾಟರಿಯ ಕರೆಂಟು ಮೋಟಾರು ತಿರುಗಿಸುತ್ತದೆ. ಗಾಡಿ ನಿಂತರೆ ಮೋಟಾರೂ ನಿಲ್ಲುತ್ತದೆ. ರಾತ್ರಿ ಚಾರ್ಜು ಮಾಡಿದರೆ ಹಗಲು ಓಡುತ್ತದೆ. ಖರ್ಚು ಪೆಟ್ರೋಲಿಗಿಂತ ಕಡಿಮೆ. ಸಪ್ಪಳವೂ ಕಡಿಮೆ. ಸಪ್ಪಳಿಲ್ಲಂತ ಹಿಂದೆ ಮುಂದೆ ನೋಡದೆ ರಸ್ತೆ ದಾಟಬ್ಯಾಡ್ರಿ ಮತ್ತೆ!

ಈ ಗಾಡಿ ಗುರುತಿಸುವುದು ಹೇಗೆ? ನಂಬರಿನ ಹಲಗೆ ನೋಡಿರಿ. 2018ರಲ್ಲಿ ಸರಕಾರ ಇವಕ್ಕೆ ಹಸಿರು ಹಲಗೆ ಗೊತ್ತು ಮಾಡಿತು. ಹಸಿರಿನ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತದ ಗಾಡಿ. ಹಳದಿ ಅಕ್ಷರ ಇದ್ದರೆ ಬಾಡಿಗೆ ದುಡಿಯುವ ಗಾಡಿ. ಈಗ ನಿಮಗೆ ಅಕ್ಷರ ಬರುತ್ತದೆ. ಓದಿ ನೋಡಿರಿ.

ನಮ್ಮ ಕಡೆಯ ಮಕ್ಕಳೂ ದುಡಿಯಲು ಬೆಂಗಳೂರಿಗೆ ಹೋಗುತ್ತಾರೆ. ಸಾಮಾನು ಮುಟ್ಟಿಸುವ ಕೆಲಸ ಹಿಡಿಯುತ್ತಾರೆ. ಈ ಕೆಲಸಗಾರರ ಸಲುವಾಗಿ ಕರ್ನಾಟಕದಲ್ಲಿ 2025ರಲ್ಲಿ ಕಾಯ್ದೆ ಬಂತು. ಮೊಬೈಲಿನಲ್ಲಿ ಕೆಲಸ ಕೊಡುವ ಕಂಪನಿ ಇವರ ಕಲ್ಯಾಣ ನಿಧಿಗೆ ಹಣ ಕಟ್ಟಬೇಕು. ಕೆಲಸಗಾರರ ಹೆಸರು ನೋಂದಣಿ ಆಗಬೇಕು. ಮಗ ಊರಿಗೆ ಬಂದಾಗ, ‘ನಿನ್ನ ಹೆಸರು ಬರೆಸಿದಿ ಏನಪಾ?’ ಅಂತ ಕೇಳಿರಿ.

ಗಾಡಿ ಎಲ್ಲರ ಹತ್ತಿರ ಸ್ವಂತದ್ದು ಇರುವುದಿಲ್ಲ. ಕೆಲವರು ಬಾಡಿಗೆಗೆ ಪಡೆಯುತ್ತಾರೆ. ಇಲ್ಲೇ ಲೆಕ್ಕ ಬೇಕು. ದಿನಕ್ಕೆ 200 ರೂಪಾಯಿ ಬಾಡಿಗೆ ಅಂತ ತಿಳಿಯಿರಿ. 30 ದಿನಕ್ಕೆ ಎಷ್ಟಾಯಿತು? 6,000 ರೂಪಾಯಿ. ಮಗ 5 ದಿನ ಜಾತ್ರೆಗೆ ಊರಿಗೆ ಬಂದ. ಗಾಡಿ ಅಲ್ಲೇ ನಿಂತಿತು. ಆ 5 ದಿನದ ಬಾಡಿಗೆ 1,000 ರೂಪಾಯಿ ಕೊಡಬೇಕೋ ಬೇಡವೋ? ಬ್ಯಾಟರಿ ಕೆಟ್ಟರೆ ಖರ್ಚು ಯಾರದು? ಇದು ಕರಾರು ಪತ್ರದಲ್ಲಿ ಇರಬೇಕು. ಸಹಿ ಮಾಡುವ ಮೊದಲು ಆ ಪತ್ರ ಮನೆಗೆ ತರಿಸಿರಿ. ಕನ್ನಡದಲ್ಲಿ ಇಲ್ಲದಿದ್ದರೆ ಬಲ್ಲವರಿಂದ ಓದಿಸಿ, ನಿಮ್ಮ ಪಾಟಿಯ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿರಿ: ಬಾಡಿಗೆ ಎಷ್ಟು, ರಜೆ ದಿನ ಎಷ್ಟು, ಬ್ಯಾಟರಿ ಯಾರದು.